ಹಾಟ್‌ಸ್ವಾಪ್‌ಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡ್ ನಾಳೆ ಪ್ರಿಂಟಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಸಹಕಾರ ಸಂಘದ ಸರ್ವರ್ ಕೋಣೆಗೆ ಕನ್ನಡ ಬೋರ್ಡ್ ಬರೆಯುತ್ತಿದ್ದೇನೆ. ಅಲ್ಲಿನ ಸರ್ವರನ್ನು ಆಫ್ ಮಾಡದೆಯೇ ಕೆಟ್ಟ ಡಿಸ್ಕ್ ತೆಗೆದು ಹೊಸದನ್ನು ಕೂರಿಸಬಹುದು. ಇದು ಹಾಟ್‌ಸ್ವಾಪ್. ಬರೀ ಹೊಸದನ್ನು ಸೇರಿಸಿದರೆ ಹಾಟ್‌ಪ್ಲಗ್. ಎರಡಕ್ಕೂ ಪದ ಬೇಕು. ‘ಬಿಸಿವಿನಿಮಯ’ ಅಂತ ಒಬ್ಬರು ಹೇಳಿದರು. ಬೋರ್ಡ್ ಓದುವವರು ಗುಮಾಸ್ತರು, ಎಲೆಕ್ಟ್ರಿಷಿಯನ್. ‘ಬಿಸಿ’ ಅಂತ ನೋಡಿದರೆ ಮುಟ್ಟೋಕೇ ಹೆದರುತ್ತಾರೆ, ಅಲ್ವಾ?

ಚಿಕ್ಕಮಗಳೂರಿನಿಂದ:
ಬಿಸಿವಿನಿಮಯ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಬಿಟ್ಟುಬಿಡಿ. ಕನ್ನಡದಲ್ಲಿ ಇದಕ್ಕೆ ಧಾತು ಇದ್ದೇ ಇದೆ: ಹೂಡು. ಹಳಗನ್ನಡದ ಪೂಡು. ನೊಗಕ್ಕೆ ಎತ್ತು ಹೂಡುತ್ತೇವೆ, ಬಿಲ್ಲಿಗೆ ಬಾಣ ಹೂಡುತ್ತೇವೆ. ಕೆಲಸಕ್ಕೆ ಸಿದ್ಧವಾಗುವಂತೆ ಒಂದಕ್ಕೆ ಇನ್ನೊಂದನ್ನು ಸೇರಿಸುವುದು ಅಂತಲೇ ಇದರ ಅರ್ಥ. ಬೀಸುಕಲ್ಲು, ಸುಡುಗಾಡು ಇದ್ದ ಹಾಗೆ ‘ಓಡುಹೂಡಿಕೆ’, ಯಂತ್ರ ಓಡುತ್ತಿರುವಾಗಲೇ ಹೂಡುವುದು. ತೆಗೆಯುವುದಕ್ಕೆ ‘ಓಡುಕಳಚಿಕೆ’. ಮುಗೀತು.

ಅರಸೀಕೆರೆಯಿಂದ:
ಮುಗಿದಿಲ್ಲ ಮೇಷ್ಟ್ರೇ. ಬೀಸುಕಲ್ಲಿನಲ್ಲಿ ಕಲ್ಲು ವಸ್ತು. ನಿಮ್ಮ ಹೂಡಿಕೆ ಕ್ರಿಯೆ. ಮಾದರಿ ಹೊಂದುವುದಿಲ್ಲ. ಮೇಲಾಗಿ ಬೋರ್ಡ್ ಹಾಕುತ್ತಿರುವುದು ಸಹಕಾರ ಸಂಘದಲ್ಲಿ. ಅಲ್ಲಿ ಹೂಡಿಕೆ ಅಂದರೆ ದುಡ್ಡೇ.

ಮೊದಲು ಕೆಲಸ ಏನು ಅಂತ ನೋಡೋಣ. ನಾನು ಸರ್ವರ್ ರಿಪೇರಿ ಮಾಡುವವನು. ಹಾಟ್ ಅಂದರೆ ಇಲ್ಲಿ ಶಾಖ ಅಲ್ಲ, ಕರೆಂಟ್ ಇದೆ ಅಂತ. ಲೈನ್‌ಮನ್‌ಗಳು ‘ಲೈನ್ ಚಾರ್ಜ್ ಆಗಿದೆ’ ಅನ್ನುತ್ತಾರಲ್ಲ, ಆ ಅರ್ಥ. ಮಾಮೂಲಿ ಯುಎಸ್‌ಬಿ ಪ್ಲಗ್ಗಿನ ಒಳಗೆ ನೋಡಿ. ನಾಲ್ಕು ಲೋಹದ ಪಟ್ಟಿ ಇರುತ್ತವೆ. ಅಂಚಿನ ಎರಡು ಉದ್ದ, ನಡುವಿನ ಎರಡು ಗಿಡ್ಡ. ಉದ್ದದವು ಕರೆಂಟಿನವು. ಚುಚ್ಚುವಾಗ ಅವು ಮೊದಲು ತಾಗುತ್ತವೆ, ಕೀಳುವಾಗ ಕೊನೆಗೆ ಬಿಡುತ್ತವೆ. 1996ರಲ್ಲಿ ಬಂದ ಯುಎಸ್‌ಬಿಯನ್ನು ಹೀಗೆ ಓಡುವಾಗಲೇ ಹಾಕಿ ತೆಗೆಯಲಿ ಅಂತಲೇ ಮಾಡಿದ್ದು. ಹಳೆಯ ದುಂಡು ಮೂತಿಯ ಕೀಬೋರ್ಡ್ ಪ್ಲಗ್ಗಿಗೆ ಆ ಭಾಗ್ಯ ಇರಲಿಲ್ಲ. ಆಫ್ ಮಾಡಿಯೇ ಹಾಕಬೇಕಿತ್ತು.

ಇನ್ನೊಂದು ಮಾತು. ಸೇರಿಸುವುದಕ್ಕಿಂತ ತೆಗೆಯುವುದರಲ್ಲಿ ಅಪಾಯ ಜಾಸ್ತಿ. ಸೇರಿಸಿದರೆ ಸಿಸ್ಟಮ್ ತಾನೇ ಗುರುತು ಹಿಡಿಯುತ್ತದೆ. ತೆಗೆಯುವ ಮುಂಚೆ ಅದಕ್ಕೆ ತಿಳಿಸಬೇಕು, ಯಾಕೆಂದರೆ ಡಿಸ್ಕಿಗೆ ಬರೆಯಬೇಕಾದದ್ದು ಇನ್ನೂ ಮೆಮೊರಿಯಲ್ಲೇ ಉಳಿದಿರಬಹುದು. ರೇಡ್ 5 (ಡೇಟಾವನ್ನು ಹಲವು ಡಿಸ್ಕ್‌ಗಳಲ್ಲಿ ಹಂಚಿಡುವ ಏರ್ಪಾಡು) ಇದ್ದರೆ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ. ಆದರೆ ಕೆಟ್ಟದ್ದನ್ನು ಬಿಟ್ಟು ಪಕ್ಕದ ಒಳ್ಳೆಯದನ್ನು ಎಳೆದರೆ ಸರ್ವರ್ ಅಲ್ಲೇ ನಿಂತಿತು, ಡೇಟಾ ಸಿಕ್ಕಿದರೆ ಪುಣ್ಯ. ಬೋರ್ಡಿನಲ್ಲಿ ಇರಬೇಕಾದದ್ದು ಈ ಎಚ್ಚರಿಕೆ. ಅದಕ್ಕೆ ವಾಕ್ಯವೇ ಸರಿ: ‘ಆಫ್ ಮಾಡದೆ ಬದಲಿಸಬಹುದು’. ಕೈಪಿಡಿಗೆ ನಾಮಪದ ಬೇಕೇ ಬೇಕು ಅಂದರೆ ‘ಚಾಲೂ ಬದಲಾವಣೆ’ ಅನ್ನಿ.

ಚಿಕ್ಕಮಗಳೂರಿನಿಂದ:
ಚಾಲೂ ಹಿಂದಿಯದು. ಬದಲಾವಣೆಯ ‘ಬದಲು’ ಅರಬ್ಬಿಯದು. ಕನ್ನಡ ಎಲ್ಲಿ ಉಳಿಯಿತು?

ಬೇಲೂರಿನಿಂದ:
ಸರ್, ನಿಮ್ಮೂರಿನ ಕಾಫಿ ಎಲ್ಲಿಯದು? ಗಿಡವೂ ಅರಬ್ ನಾಡಿನಿಂದ ಬಂತು, ಹೆಸರೂ ಅಲ್ಲಿಂದಲೇ. ಅರ್ಜಿ, ಕಚೇರಿ, ತಾಲ್ಲೂಕು ಬಿಟ್ಟು ಒಂದು ದಿನ ಮಾತಾಡಿ ನೋಡಿ. ಹಲ್ಮಿಡಿ ನಮ್ಮ ತಾಲ್ಲೂಕಿನದು. ಕ್ರಿ.ಶ. 450ರ ಸುಮಾರಿನ ಆ ಶಾಸನ ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಮುಂದೆ ಕನ್ನಡದ ಭಾಗದಲ್ಲೂ ಉದ್ದುದ್ದ ಸಂಸ್ಕೃತ ಸಮಾಸಗಳಿವೆ. ಎರವಲು ತಂದವರೆಲ್ಲ ಕನ್ನಡ ಕೆಡಿಸಿದರು ಅನ್ನುವುದಾದರೆ ಅಲ್ಲಿಂದಲೇ ಶುರುಮಾಡಿ.

ಚಿಕ್ಕಮಗಳೂರಿನಿಂದ:
ಹಲ್ಮಿಡಿಯನ್ನು ಪೂರ್ತಿ ಓದಿ. ಹೆಸರುಗಳಲ್ಲಿ ಬಹಳಷ್ಟು ಸಂಸ್ಕೃತ, ಒಪ್ಪಿದೆ. ‘ಬಾಳ್ಗಳ್ಚು’ (ಕತ್ತಿ ತೊಳೆದು ವೀರನಿಗೆ ಕೊಡುವ ದಾನ), ‘ಕೊಟ್ಟಾರ್’ ಇವು ಯಾವ ಭಾಷೆ? ದಾನದ ಹೆಸರು ಕನ್ನಡ, ಕ್ರಿಯಾಪದ ಕನ್ನಡ. ಯಂತ್ರದ ಹೆಸರು ಎಲ್ಲಿಂದಾದರೂ ಬರಲಿ. ಅದಕ್ಕೆ ನಾವು ಮಾಡುವ ಕೆಲಸ ನಮ್ಮ ಧಾತುವಿನಲ್ಲಿರಲಿ. ನಾನು ಹೇಳುತ್ತಿರುವುದು ಇಷ್ಟೇ. ಕಳಚು, ಕೂರಿಸು, ಹೂಡು ಇರುವಾಗ ಸುಮ್ನೆ ಚಾಲೂ ಯಾಕೆ?

ಹಾಸನದಿಂದ:
ಎಲ್ಲರಿಗೂ ಧನ್ಯವಾದ. ಬೋರ್ಡಿಗೆ ಇದನ್ನು ಕಳಿಸುತ್ತಿದ್ದೇನೆ:
‘ಕೆಟ್ಟ ಡಿಸ್ಕನ್ನು ಸರ್ವರ್ ಆಫ್ ಮಾಡದೆ ಕಳಚಬಹುದು. ಮೊದಲು ಕೆಂಪು ದೀಪ ಯಾವುದರ ಮೇಲಿದೆ ನೋಡಿ. ಹಸಿರು ದೀಪದ ಡಿಸ್ಕ್ ಮುಟ್ಟಬೇಡಿ.’
ಇಲ್ಲಿನ ಸರ್ವರಿನಲ್ಲಿ ಕೆಟ್ಟದ್ದಕ್ಕೆ ಕೆಂಪು ದೀಪವೇ ಹತ್ತುತ್ತದೆ, ವಿಚಾರಿಸಿದ್ದೇನೆ.

ಚಿಕ್ಕಮಗಳೂರಿನಿಂದ:
‘ಆಫ್ ಮಾಡದೆ’ ಯಾಕೆ? ‘ಆರಿಸದೆ’ ಅನ್ನಿ.

ಹಾಸನದಿಂದ:
ದೀಪ ಆರಿಸುತ್ತೇವೆ ಸರ್. ಸರ್ವರ್ ಆರಿಸಿ ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ‘ಕಳಚು’ ಉಳಿಸಿಕೊಂಡಿದ್ದೇನೆ. ಕೈಪಿಡಿಗೆ ಹಾಟ್‌ಪ್ಲಗ್‌ನ ಪದ ಇನ್ನೂ ಸಿಕ್ಕಿಲ್ಲ. ಹೂಡಿಕೆ ಬಿಟ್ಟು ಬೇರೆ ಯಾವುದಾದರೂ ಹೊಳೆದರೆ ತಿಳಿಸಿ.