ನನ್ನ ಬೋರ್ಡ್‌ನಲ್ಲಿ ಮೈಕ್ರೋಕಂಟ್ರೋಲರ್ ಮತ್ತೆ ಮತ್ತೆ ಸಾಯುತ್ತಿದೆ, ಎಲ್ಲಿಂದ ಹುಡುಕಲಿ?

ಬೋರ್ಡ್_ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಟ್ಯಾಂಕ್‌ನ ನೀರಿನ ಮಟ್ಟ ನೋಡಿಕೊಂಡು ಪಂಪ್ ಆನ್ ಆಫ್ ಮಾಡಲು ನಾನೇ ಡಿಸೈನ್ ಮಾಡಿದ ಬೋರ್ಡ್ ಇದು. ಚಿಪ್ ಎಸ್‌ಟಿಎಂ32ಎಫ್103. 12 ವೋಲ್ಟ್ ಅಡಾಪ್ಟರ್‌ನಿಂದ ನೇರವಾಗಿ ಎಎಂಎಸ್1117 ರೆಗ್ಯುಲೇಟರ್, ಅಲ್ಲಿಂದ 3.3 ವೋಲ್ಟ್. ಪಂಪ್ ಆನ್ ಆಫ್ ಮಾಡುವ ರಿಲೇಗೆ ಅದೇ 12 ವೋಲ್ಟ್ ಹೋಗುತ್ತದೆ, ಕಾಯಿಲ್‌ಗೆ ಡಯೋಡ್ ಹಾಕಿದ್ದೇನೆ. ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್‌ನಿಂದ ಉದ್ದನೆಯ ವಯರ್ ಬಂದು ಸೀದಾ ಚಿಪ್‌ನ ಪಿಎ1 ಪಿನ್‌ಗೆ ಸೇರುತ್ತದೆ.

ಬೋರ್ಡ್ ಚೆನ್ನಾಗಿಯೇ ಓಡುತ್ತಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ. ಚಿಪ್ ಮುಟ್ಟಲಾಗದಷ್ಟು ಬಿಸಿ, 3.3 ಮತ್ತು ಗ್ರೌಂಡ್ ನಡುವೆ ಕೆಲವೇ ಓಮ್. ಚಿಪ್ ತೆಗೆದು ನೋಡಿದರೆ ರೆಗ್ಯುಲೇಟರ್ ಸರಿಯಾಗಿ 3.3 ಕೊಡುತ್ತಿರುತ್ತದೆ. ಹೊಸ ಚಿಪ್ ಬೆಸುಗೆ ಹಾಕಿದರೆ ಮತ್ತೆ ಕೆಲಸ ಶುರು, ಸ್ವಲ್ಪ ದಿನಕ್ಕೆ ಅದೂ ಹೋಗುತ್ತದೆ. ಸುಮ್ನೆ ಚಿಪ್ ಬದಲಾಯಿಸುತ್ತಾ ಕೂರಲು ಮನಸ್ಸಿಲ್ಲ, ಕಾರಣ ಗೊತ್ತಾಗಬೇಕು.

ಮೀಟರ್_ಮೊದಲು:
ಸತ್ತ ಚಿಪ್‌ಗಳನ್ನು ಎಸೆದಿಲ್ಲ ತಾನೇ? ಏಟು ಎಲ್ಲಿಂದ ಬಿತ್ತು ಅಂತ ಅವೇ ಹೇಳುತ್ತವೆ. ಮಲ್ಟಿಮೀಟರ್ ಡಯೋಡ್ ಮೋಡ್‌ಗೆ ಹಾಕಿ, ಕೆಂಪು ಕಡ್ಡಿ ಚಿಪ್‌ನ ಗ್ರೌಂಡ್‌ಗೆ, ಕಪ್ಪು ಕಡ್ಡಿ ಒಂದೊಂದೇ ಪಿನ್‌ಗೆ. ಒಳಗಿನ ರಕ್ಷಣೆ ಡಯೋಡ್‌ನಿಂದಾಗಿ ಒಳ್ಳೆಯ ಪಿನ್ ಸುಮಾರು 0.5ರಿಂದ 0.7 ವೋಲ್ಟ್ ತೋರಿಸುತ್ತದೆ. ಹೊಸ ಚಿಪ್ ಒಂದನ್ನು ಪಕ್ಕದಲ್ಲೇ ಇಟ್ಟುಕೊಂಡು ಅದೇ ಪಿನ್‌ಗಳನ್ನು ಹೋಲಿಸುತ್ತಾ ಹೋಗಿ. ಪಿಎ1 ಮಾತ್ರ ಎದ್ದು ಕಾಣುವಂತೆ ಬೇರೆ ಅಂಕಿ ತೋರಿಸಿದರೆ ಫ್ಲೋಟ್ ಸ್ವಿಚ್ ವಯರ್ ಮೇಲೆಯೇ ಅನುಮಾನ. ಐಓ (ಇನ್‌ಪುಟ್-ಔಟ್‌ಪುಟ್) ಪಿನ್‌ಗಳೆಲ್ಲ ಒಂದೇ ಥರ ಇದ್ದು ವಿಡಿಡಿ, ಅಂದರೆ ಚಿಪ್‌ಗೆ 3.3 ವೋಲ್ಟ್ ಬರುವ ಪಿನ್ ಮಾತ್ರ ಶಾರ್ಟ್ ಆಗಿದ್ದರೆ ಸಪ್ಲೈ ಕಡೆ ನೋಡಿ. ಇದು ನೂರಕ್ಕೆ ನೂರು ಪಕ್ಕಾ ಅಲ್ಲ, ಆದರೂ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ, ಚಿಪ್ ಸಾಯುವುದು ಓಡುತ್ತಿರುವಾಗಲೋ, ಕರೆಂಟ್ ಕೊಟ್ಟಾಗಲೋ? ಅಡಾಪ್ಟರ್ ಗೋಡೆಯಲ್ಲಿ ಆನ್ ಇಟ್ಟೇ ಬೋರ್ಡ್ ಕಡೆಯ ಪ್ಲಗ್ ಚುಚ್ಚುತ್ತೀರಾ?

ಬೋರ್ಡ್_ಹವ್ಯಾಸಿ:
ಹೌದು, ಅಡಾಪ್ಟರ್ ಯಾವಾಗಲೂ ಆನ್ ಇರುತ್ತದೆ, ಬೋರ್ಡ್ ಕಡೆ ಪ್ಲಗ್ ತೆಗೆದು ಹಾಕುತ್ತೇನೆ. ನೀವು ಕೇಳಿದ ಮೇಲೆ ಹೊಳೆಯಿತು, ಪ್ರತಿ ಸಲವೂ ಪ್ಲಗ್ ತೆಗೆದು ಮತ್ತೆ ಹಾಕಿದ ಮೇಲೇ ಬೋರ್ಡ್ ಏಳದೆ ಇದ್ದದ್ದು. ಚಿಪ್‌ಗಳನ್ನು ಅಳೆದೆ. ಐಓ ಪಿನ್‌ಗಳೆಲ್ಲ ಹೊಸ ಚಿಪ್‌ನ ಹಾಗೆಯೇ ಇವೆ, ಪಿಎ1 ಕೂಡ. ವಿಡಿಡಿ ಮಾತ್ರ ಪೂರ್ತಿ ಶಾರ್ಟ್. ಇನ್‌ಪುಟ್‌ನಲ್ಲಿ ಇರುವುದು 10 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದೇ.

ಪವರ್_ಸಪ್ಲೈ_ಪ್ರಿಯ:
ಹಾಗಾದರೆ ಆ ಸೆರಾಮಿಕ್ ಕೆಪಾಸಿಟರನ್ನೇ ಮೊದಲು ನೋಡಬೇಕು. ಅಡಾಪ್ಟರ್ ವಯರ್‌ಗೆ ಇಂಡಕ್ಟೆನ್ಸ್ (ಹರಿಯುವ ಕರೆಂಟನ್ನು ತಟ್ಟನೆ ನಿಲ್ಲಲು ಬಿಡದ ಗುಣ) ಇದೆ, ಸೆರಾಮಿಕ್‌ಗೆ ಒಳ ರೆಸಿಸ್ಟೆನ್ಸ್ ಇಲ್ಲವೆನ್ನುವಷ್ಟು ಕಡಿಮೆ. ಖಾಲಿ ಕೆಪಾಸಿಟರ್‌ಗೆ ತಟ್ಟನೆ 12 ವೋಲ್ಟ್ ಸಿಕ್ಕಾಗ ವಯರ್‌ನಲ್ಲಿ ಕರೆಂಟ್ ರಭಸವಾಗಿ ನುಗ್ಗುತ್ತದೆ, 12 ತಲುಪಿದರೂ ಅಲ್ಲಿಗೆ ನಿಲ್ಲುವುದಿಲ್ಲ. ರಭಸವಾಗಿ ಹರಿಯುವ ನೀರಿಗೆ ನಲ್ಲಿ ಫಟ್ಟನೆ ಮುಚ್ಚಿದರೆ ಪೈಪ್ ಬಡಿದುಕೊಳ್ಳುತ್ತದಲ್ಲ, ಹಾಗೆ. ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟಿನ ತನಕ ಏರಬಹುದು, ಅಂದರೆ 24ರ ಹತ್ತಿರ. ಎಎಂಎಸ್1117 ಇನ್‌ಪುಟ್‌ಗೆ ಮಿತಿ 15. ನಿಮ್ಮ ಚಿಪ್‌ನ ವಿಡಿಡಿ ಮಿತಿ 4.0 ವೋಲ್ಟ್. ರೆಗ್ಯುಲೇಟರ್ ಒಂದು ಕ್ಷಣ ಕೈಬಿಟ್ಟರೂ ಸಾಕು, ಚಿಪ್ ಕಥೆ ಮುಗಿಯಿತು. ಆಮೇಲೆ ಅದು ಸರಿಯಾಗಿ 3.3 ಕೊಟ್ಟರೆ ಅದರ ತಪ್ಪಿಲ್ಲ ಅಂತ ಅರ್ಥವಲ್ಲ.

ಸ್ಕೋಪ್ (ವೋಲ್ಟೇಜ್ ಏರಿಳಿತ ತೋರಿಸುವ ಆಸಿಲೋಸ್ಕೋಪ್) ಇದ್ದರೆ ಒಂದೇ ಸಲ ಹಿಡಿಯುವ ಸಿಂಗಲ್ ಟ್ರಿಗರ್ ಇಟ್ಟು ಪ್ಲಗ್ ಚುಚ್ಚಿ ನೋಡಿ. ಪ್ರೋಬ್‌ನ ಉದ್ದನೆಯ ಗ್ರೌಂಡ್ ವಯರ್ ಬೇಡ, ಚಿಕ್ಕ ಸ್ಪ್ರಿಂಗ್ ಬಳಸಿ, ಇಲ್ಲದಿದ್ದರೆ ಪ್ರೋಬ್‌ನದೇ ಅಲೆ ಕಾಣುತ್ತದೆ. ಮದ್ದು ಸುಲಭ. ಸೆರಾಮಿಕ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್, 35 ವೋಲ್ಟ್ ಎಲೆಕ್ಟ್ರೋಲೈಟಿಕ್ ಹಾಕಿ, ಅದರ ಒಳ ರೆಸಿಸ್ಟೆನ್ಸ್ ಈ ಏರಿಳಿತವನ್ನು ತಗ್ಗಿಸುತ್ತದೆ. ಮಿತಿಮೀರಿ ಏರುವ ವೋಲ್ಟೇಜನ್ನು ತಡೆಯುವ ಟಿವಿಎಸ್ ಡಯೋಡ್ ಹಾಕಿಬಿಡಿ ಅಂತ ಹಲವರು ಹೇಳುತ್ತಾರೆ, ಆದರೆ ಅಂಥದ್ದೇ ಒಂದಾದ ಎಸ್‌ಎಂಬಿಜೆ13ಎ ತನ್ನ ಪೂರ್ತಿ ಕರೆಂಟ್‌ನಲ್ಲಿ ಹಿಡಿದು ನಿಲ್ಲಿಸುವುದು 21.5 ವೋಲ್ಟ್‌ಗೆ. 15ರ ಮಿತಿಯ ರೆಗ್ಯುಲೇಟರ್ ಅದೊಂದನ್ನೇ ನಂಬಿ ಕೂರಲಾಗುವುದಿಲ್ಲ, ಅಲ್ವಾ?

ಬೋರ್ಡ್_ಹವ್ಯಾಸಿ:
ಸ್ಕೋಪ್‌ನಲ್ಲಿ ನೋಡಿದೆ. ಪ್ಲಗ್ ಹಾಕಿದ ಕೂಡಲೇ ಇನ್‌ಪುಟ್ 20 ದಾಟಿ ಚಿಮ್ಮುತ್ತದೆ, ನಾಲ್ಕೈದು ಅಲೆ ಕುಣಿದು ಆಮೇಲೆ 12ಕ್ಕೆ ಬಂದು ಕೂರುತ್ತದೆ. ಚಿಪ್ ತೆಗೆದ ಬೋರ್ಡ್‌ನಲ್ಲಿ 3.3 ಲೈನ್ ಕೂಡ ಒಂದು ಚೂಪಾದ ಮುಳ್ಳಿನ ಹಾಗೆ 5ರ ಮೇಲೆ ಹೋಗಿ ಇಳಿಯಿತು! ಎಲೆಕ್ಟ್ರೋಲೈಟಿಕ್ ಬೆಸುಗೆ ಹಾಕಿದ ಮೇಲೆ ಇನ್‌ಪುಟ್ 13ರ ಆಸುಪಾಸಿನಲ್ಲೇ ನಿಲ್ಲುತ್ತಿದೆ, 3.3ರಲ್ಲಿ ಮುಳ್ಳು ಇಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಷ್ಟಕ್ಕೇ ಬಿಡಬಹುದಾ?

ಮೀಟರ್_ಮೊದಲು:
ಈ ಬೋರ್ಡ್‌ಗೆ ಸದ್ಯಕ್ಕೆ ಸಾಕು, ಆದರೆ ಪಿಎ1 ವಯರ್ ಹಾಗೇ ಬಿಡಬೇಡಿ. ಈ ಚಿಪ್‌ನಲ್ಲಿ ಪಿಎ0ಯಿಂದ ಪಿಎ7 ತನಕ ಯಾವ ಪಿನ್ನೂ 5 ವೋಲ್ಟ್ ತಾಳುವುದಿಲ್ಲ. ಉದ್ದನೆಯ ವಯರ್ ಪಂಪ್ ವಯರ್ ಪಕ್ಕದಲ್ಲೇ ಹೋಗಿದ್ದರೆ ಏನೇನೋ ಹೊತ್ತು ತರುತ್ತದೆ. ಪಿನ್‌ಗೆ ಬರುವ ದಾರಿಯಲ್ಲಿ 4.7 ಕಿಲೋ ಓಮ್ ರೆಸಿಸ್ಟರ್, ಪಿನ್ ಹತ್ತಿರ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್. ಫ್ಲೋಟ್ ಸ್ವಿಚ್ ನಿಧಾನದ್ದು, ಇದರಿಂದ ಅದಕ್ಕೇನೂ ತೊಂದರೆಯಿಲ್ಲ. ಪಿನ್ನೊಳಗೆ ಹೋಗುವ ಕರೆಂಟ್ ಮಿತಿ 5 ಮಿಲಿಆಂಪ್, ಆ ರೆಸಿಸ್ಟರ್ ಇದ್ದರೆ 20 ವೋಲ್ಟ್ ಬಂದರೂ ಮಿತಿಯೊಳಗೇ ಇರುತ್ತದೆ. ಸ್ವಿಚ್ ತೆರೆದಿರುವಾಗ ಲೈನನ್ನು 3.3ಕ್ಕೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್ ಮಾತ್ರ ವಯರ್ ಕಡೆಗೆ ಇರಲಿ, ಚಿಪ್‌ನ ಒಳಗಿನದ್ದನ್ನು ನಂಬಬೇಡಿ.

ಪವರ್_ಸಪ್ಲೈ_ಪ್ರಿಯ:
ಮುಂದಿನ ಬೋರ್ಡ್‌ಗೆ ರೆಗ್ಯುಲೇಟರನ್ನೂ ಬದಲಾಯಿಸಿ. ಇನ್‌ಪುಟ್ ಮಿತಿ 30ಕ್ಕಿಂತ ಜಾಸ್ತಿ ಇರುವುದನ್ನು ತಗೊಳ್ಳಿ, ಆಗ ಟಿವಿಎಸ್ ಕೂಡ ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಇದೇ ಎಎಂಎಸ್1117 ಇರುವುದಾದರೆ ಔಟ್‌ಪುಟ್ ಕೆಪಾಸಿಟರ್ ಯಾವುದು ಅಂತ ಒಮ್ಮೆ ನೋಡಿ. ಡೇಟಾಶೀಟ್ ಕೇಳುವುದು 22 ಮೈಕ್ರೋಫ್ಯಾರಡ್ ಟ್ಯಾಂಟಲಮ್, ಬರೀ ಸೆರಾಮಿಕ್ ಇದ್ದರೆ ರೆಗ್ಯುಲೇಟರ್ ಆಸಿಲೇಟ್ ಆಗಬಹುದು, ಅಂದರೆ ಔಟ್‌ಪುಟ್ ಒಂದೇ ಸಮನೆ ಏರಿಳಿಯಬಹುದು.