‘ಟ್ಯಾಗ್’ಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡ್ ಬರೆಸಬೇಕು, ಅರ್ಜೆಂಟ್

ಶಾಲೆ ಲೈಬ್ರರಿ, ಧಾರವಾಡದ ಹತ್ತಿರ:

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಆಗಸ್ಟ್ 12ಕ್ಕೆ, ಅಂದರೆ ಗ್ರಂಥಪಾಲಕರ ದಿನಕ್ಕೆ, ನಮ್ಮಲ್ಲಿ ಕಂಪ್ಯೂಟರ್ ಮೂಲೆ ಶುರುವಾಗುತ್ತಿದೆ. 20 ವರ್ಷ ರಿಜಿಸ್ಟರು, ಕ್ಯಾಟಲಾಗ್ ಕಾರ್ಡು ಅಂತ ಕೈಯಲ್ಲೇ ಬರೆದವಳು ನಾನು. ಈ ಬೇಸಿಗೆ ರಜೆಯಲ್ಲಿ ಅಕ್ಕನ ಮಗನನ್ನು ಪಕ್ಕ ಕೂರಿಸಿಕೊಂಡು ಬ್ಲಾಗ್ ಮಾಡೋದು, ಗೂಗಲ್ ಫಾರ್ಮು, ಕ್ಯೂಆರ್ ಕೋಡು ಎಲ್ಲ ಕಲಿತೆ. ಅವನ ಹತ್ತಿರ ಬೈಸಿಕೊಂಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ವಿಷಯ ಇಷ್ಟು. ಮಕ್ಕಳು ಓದಿದ ಪುಸ್ತಕದ ಬಗ್ಗೆ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆದು, ಕೆಳಗೆ ಟ್ಯಾಗ್ ಹಾಕಬೇಕು. ಹಕ್ಕಿಗಳ ಕಥೆ ಪುಸ್ತಕ ಕಪಾಟಿನಲ್ಲಿ ಡ್ಯೂಯಿ ವರ್ಗೀಕರಣದ ನಂಬರು 894.814ರಲ್ಲಿ, ಉಳಿದೆಲ್ಲ ಕನ್ನಡ ಸಾಹಿತ್ಯದ ಜೊತೆ ಒಂದೇ ಕಡೆ ಕೂತಿರುತ್ತದೆ. ಟ್ಯಾಗ್ ಆದರೆ ಅದಕ್ಕೇ ‘ಹಕ್ಕಿ’, ‘ಕಾಡು’, ‘ನಗು ಬರುತ್ತೆ’, ‘ಒಂದೇ ದಿನಕ್ಕೆ ಮುಗಿಯುತ್ತೆ’ ಅಂತ ನಾಲ್ಕೂ ಹಾಕಬಹುದು. ಬ್ಲಾಗರಿನಲ್ಲಿ ಇದಕ್ಕೆ ಲೇಬಲ್ ಅನ್ನುತ್ತಾರೆ, ವರ್ಡ್‌ಪ್ರೆಸ್ಸಿನಲ್ಲಿ ಟ್ಯಾಗ್. ಗೋಡೆ ಮೇಲೆ ‘ಓದಿದ ಪುಸ್ತಕಕ್ಕೆ ____ ಹಾಕಿ’ ಅಂತ ಬರೆಸಬೇಕು. ಬೋರ್ಡಿನಲ್ಲಿ ಪೂರ್ತಿ ಕನ್ನಡ ಇರಲಿ ಅಂತ ಹೆಡ್ ಮಾಸ್ತರರ ಅಪ್ಪಣೆ. ಪೇಂಟರ್ ನಾಳೆ ಸಂಜೆ ಬರುತ್ತಾನೆ. ಮೂರು ನಾಲ್ಕು ಅಕ್ಷರಕ್ಕಿಂತ ಜಾಸ್ತಿ ಜಾಗ ಇಲ್ಲ.

ಅನುವಾದಕ, ಬೆಂಗಳೂರು:

ಟ್ಯಾಗ್ ಅಂತಲೇ ಬರೆಸಿ. ಎರಡೇ ಅಕ್ಷರ. ಮುಗೀತು.

ನಿವೃತ್ತ ಕನ್ನಡ ಮೇಷ್ಟ್ರು, ಮೈಸೂರು:

ಮೇಲಿನವರು ಎಲ್ಲ ಪ್ರಶ್ನೆಗೂ ಇದೇ ಉತ್ತರ ಕೊಡುತ್ತಾರೆ. ಮೇಡಂ, ‘ಸೂಚಿಪದ’ ಇದೆ, ‘ಸೂಚಕ’ ಇದೆ. ಯಾವುದಾದರೂ ಒಂದನ್ನು ತೆಗೆದುಕೊಳ್ಳಿ. ‘ಹಣೆಪಟ್ಟಿ’ ಮಾತ್ರ ಬೇಡ. ಹಣೆಪಟ್ಟಿ ಕಟ್ಟುವುದು ಅಂದರೆ ಬೈದ ಹಾಗೆ.

ಶಿವಮೊಗ್ಗ:

ಎಂಟನೇ ಕ್ಲಾಸಿನ ಹುಡುಗ ‘ಸೂಚಿಪದ ಹಾಕು’ ಅಂದರೆ ವ್ಯಾಕರಣದ ಪರೀಕ್ಷೆ ಅಂದುಕೊಂಡು ಓಡಿಹೋಗುತ್ತಾನೆ. ನಮ್ಮದೇ ಪದ ಇರುವಾಗ ಸಕ್ಕದದ (ಸಂಸ್ಕೃತದ) ಹತ್ತಿರ ಯಾಕೆ ಸಾಲ? ‘ಗುರುತುಚೀಟಿ’ ಅನ್ನಿ, ಅಚ್ಚಗನ್ನಡ. 13ನೇ ಶತಮಾನದಲ್ಲೇ ಆಂಡಯ್ಯ ಒಂದೂ ತತ್ಸಮ ಇಲ್ಲದೆ ಇಡೀ ಕಾವ್ಯ ಬರೆದ. ನಮಗೆ ಒಂದು ಬೋರ್ಡ್ ಬರೆಯೋಕೆ ಆಗಲ್ವಾ?

ಮೈಸೂರು:

‘ಚೀಟಿ’ ಅಚ್ಚಗನ್ನಡ ಅಂತ ಯಾರು ಹೇಳಿದರು? ಹಿಂದಿ, ಮರಾಠಿಯ ‘ಚಿಟ್ಠಿ’ಯನ್ನು ನೋಡಿ. ಇಂಗ್ಲಿಷಿನವರೂ ಅಲ್ಲಿಂದಲೇ ‘ಚಿಟ್’ ಮಾಡಿಕೊಂಡರು. ಮೇಲಾಗಿ ಗುರುತಿನ ಚೀಟಿ ಅಂದರೆ ಜನಕ್ಕೆ ಓಟಿನ ಕಾರ್ಡ್ ನೆನಪಾಗುತ್ತದೆ.

ಶಿವಮೊಗ್ಗ:

ಸರಿ, ಚೀಟಿ ಬಿಟ್ಟೆ. ‘ಗುರುತು’ ಅಂತಷ್ಟೇ ಇರಲಿ. ಸಂಸ್ಕೃತ ಆದರೆ ಸ್ವಂತ ಆಸ್ತಿ, ಮರಾಠಿ ಆದರೆ ಪರಕೀಯ, ಇದು ಯಾವ ನ್ಯಾಯ ಅಂತ ಮೇಷ್ಟ್ರು ಒಂದು ಸಲ ಹೇಳಿಬಿಡಲಿ.

ಗ್ರಂಥಾಲಯ ವಿಜ್ಞಾನ ಓದಿದವ, ಬೆಂಗಳೂರು:

ಪದಕ್ಕೆ ಮೊದಲು ವಸ್ತು ಯಾವುದು ಅಂತ ನೋಡೋಣ, ಆಮೇಲೆ ಜಗಳ ಆಡಿ. ಕ್ಯಾಟಲಾಗಿನ ವಿಷಯಶೀರ್ಷಿಕೆ ಬೇರೆ, ಟ್ಯಾಗ್ ಬೇರೆ. ಮೊದಲನೆಯದನ್ನು ಲೈಬ್ರರಿಯನ್ ಒಂದು ನಿಗದಿತ ಪಟ್ಟಿಯಿಂದ ಕೊಡುತ್ತಾರೆ. ಟ್ಯಾಗ್ ಓದುಗ ತನ್ನ ಬಾಯಿಗೆ ಬಂದ ಮಾತಿನಲ್ಲಿ ಹಾಕುವಂಥದ್ದು. ಹಾಗಾಗಿ ‘ಸೂಚಿ’ ಅಂದರೆ ತಪ್ಪಾಗುತ್ತದೆ, ಕನ್ನಡ ವಿಕಿಪೀಡಿಯದ ‘ವರ್ಗ’ವೂ ಇಲ್ಲಿಗೆ ಕೂರುವುದಿಲ್ಲ. ಒಂದು ಪುಸ್ತಕವನ್ನು ಒಂದೇ ಗೂಡಿಗೆ ತಳ್ಳಬಾರದು, ಅದಕ್ಕೆ ಹಲವು ಮುಖ ಇರುತ್ತವೆ ಅಂತ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1933ರಲ್ಲೇ ಕೋಲನ್ ವರ್ಗೀಕರಣದಲ್ಲಿ ತೋರಿಸಿದ್ದರು. ಆಗಸ್ಟ್ 12 ಅವರ ಹುಟ್ಟುಹಬ್ಬ. ಅವತ್ತೇ ಮಕ್ಕಳ ಕೈಯಲ್ಲಿ ಟ್ಯಾಗ್ ಹಾಕಿಸ್ತಿದ್ದೀರಿ, ಖುಷಿಯಾಯಿತು.

ಮೇಡಂ, ಇನ್ನೊಂದು ಮಾತು, ಇದು ಪದಕ್ಕಿಂತ ಮುಖ್ಯ. ಒಬ್ಬ ‘ಹಕ್ಕಿ’ ಅಂತ ಹಾಕುತ್ತಾನೆ, ಇನ್ನೊಬ್ಬಳು ‘ಪಕ್ಷಿ’, ಮತ್ತೊಬ್ಬ ‘ಹಕ್ಕಿಗಳು’. ಬ್ಲಾಗಿಗೆ ಅವು ಮೂರು ಬೇರೆ ಬೇರೆ ಟ್ಯಾಗ್. ಇನ್ನೂ ಕಾಟ ಕೊಡೋದು ಅಂದರೆ ಅರ್ಧಾಕ್ಷರದ ನಡುವೆ ಕೂರುವ ಕಣ್ಣಿಗೆ ಕಾಣದ ಅಕ್ಷರ. ಒಂದು ಕೀಬೋರ್ಡ್ ಅದನ್ನು ಸೇರಿಸುತ್ತದೆ, ಇನ್ನೊಂದು ಸೇರಿಸಲ್ಲ. ನೋಡೋಕೆ ಎರಡೂ ಒಂದೇ, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ತಿಂಗಳಿಗೊಮ್ಮೆ ಕೂತು ಅಕ್ಕಿ ಆರಿಸಿದ ಹಾಗೆ ಆರಿಸಬೇಕಾಗುತ್ತದೆ.

ಶಾಲೆ ಲೈಬ್ರರಿ:

ಅಯ್ಯೋ, ಹೌದಾ! ಮೊನ್ನೆ ‘ಸೈನ್ಸ್‌ಫೇರ್’ ಎರಡು ಸಲ ಯಾಕೆ ತೋರಿಸ್ತಿತ್ತು ಅಂತ ಈಗ ಗೊತ್ತಾಯಿತು. ಅದನ್ನೂ ನನ್ನ ತಪ್ಪೇ ಅಂದುಕೊಂಡಿದ್ದೆ. ಬಹಳ ಉಪಕಾರ ಸರ್. ಆದರೆ ಪದ?

ಹಾಸನ:

ನಾನು ಭಾಷಾ ಪಂಡಿತ ಅಲ್ಲ, ಮನೆಯಲ್ಲಿ ನಾಲ್ಕು ಹಸು ಇವೆ. ಹಸುವಿನ ಕಿವಿಗೆ 12 ಅಂಕಿಯ ಹಳದಿ ಟ್ಯಾಗ್ ಹಾಕ್ತಾರಲ್ಲ, ಅದಕ್ಕೆ ನಮ್ಮ ಕಡೆ ಯಾರೂ ಸಭೆ ಸೇರಿಸಿ ಪದ ಹುಡುಕಲಿಲ್ಲ. ‘ಕಿವಿಯೋಲೆ’ ಅಂದರು, ಪೇಪರಿನಲ್ಲೂ ಅದೇ ಬಂತು. ‘ಓಲೆ ಹಾಕಿಸಿದ್ರಾ?’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಹಸುವಿಗೆ ಆಗೋದು ಪುಸ್ತಕಕ್ಕೆ ಯಾಕೆ ಆಗಬಾರದು?

ಮೈಸೂರು:

ಇದು ಚೆನ್ನಾಗಿದೆ! ಸುಮ್ನೆ ಹೊಗಳುತ್ತಿಲ್ಲ. ಓಲೆ ಅಂದರೆ ಮೊದಲು ತಾಳೆಯ ಎಲೆ. ಅದರ ಮೇಲೆ ಬರೆದರು, ಓಲೆ ಅಂದರೆ ಕಾಗದ ಅಂತಾಯಿತು. ಅದನ್ನು ಒಯ್ದವನು ಓಲೆಕಾರ, ಮದುವೆಗೆ ಕರೆದದ್ದು ಕರೆಯೋಲೆ. ಎಲೆಯ ಸುರುಳಿಯನ್ನು ಕಿವಿಗೆ ಸಿಕ್ಕಿಸಿಕೊಂಡರು, ಒಡವೆಯೂ ಓಲೆಯಾಯಿತು. ಬರಹವೂ ಅದೇ, ನೇತಾಡುವುದೂ ಅದೇ. ಬರೆದು ನೇತುಹಾಕುವ ವಸ್ತುವಿಗೆ ಇದಕ್ಕಿಂತ ಒಳ್ಳೆ ಪದ ಎಲ್ಲಿ ಸಿಗಬೇಕು? ಅದೂ ಲೈಬ್ರರಿಗೆ. ನಮ್ಮೂರಿನ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ತಾನೆ ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರ ಸಿಕ್ಕಿದ್ದು? ‘ಪುಸ್ತಕದೋಲೆ’ ಅನ್ನಬಹುದಿತ್ತು, ಆದರೆ ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿದ ಸಮಾಸ. ಬೇಡ. ‘ಓಲೆ’ ಸಾಕು.

ಶಿವಮೊಗ್ಗ:

ಪದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಅರಿಸಮಾಸ ಅಂತ ಈಗಲೂ ಹೆದರಿಸ್ತೀರಲ್ಲ ಮೇಷ್ಟ್ರೇ. ‘ಮಳೆಗಾಲ’ ಅನ್ನೋದನ್ನೂ ಬಿಡಬೇಕಾ?

ಮೈಸೂರು:

‘ಕಾಲ’ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡದಲ್ಲೂ ಬಳಸುವ ಸಂಸ್ಕೃತ ಪದ. ಹಳೆಯ ವ್ಯಾಕರಣಕಾರ ಕೇಶಿರಾಜ ಅದಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಓದಿಕೊಂಡು ಬನ್ನಿ.

ಶಿವಮೊಗ್ಗ:

ಅದೇ ಲೆಕ್ಕದಲ್ಲಿ ‘ಪುಸ್ತಕ’ವೂ ಸಮಸಂಸ್ಕೃತವೇ ಅಲ್ವಾ? ಯಾರು ಓದಿಕೊಂಡು ಬರಬೇಕು? ಇನ್ನು ಹೊತ್ತಗೆ ಪುಸ್ತಕದ ತದ್ಭವ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸ್ತೀರಿ. ಹೊತ್ತಗೆಯೇ ಮೊದಲು, ಪುಸ್ತಕ ಆಮೇಲೆ ಅಂತ ನನ್ನ ವಾದ.

ಮೈಸೂರು:

ನಿಮ್ಮ ವಾದ ನಿಮ್ಮ ಹತ್ತಿರ ಇರಲಿ. ‘ಅಂಚೆ’ ಸಹಾ ಹಂಸದ ತದ್ಭವ ಅಲ್ಲ ಅಂತೀರೇನೋ.

ಶಿವಮೊಗ್ಗ:

ಹಂಸ ಅನ್ನೋ ಅರ್ಥದ ಅಂಚೆ ತದ್ಭವ, ಒಪ್ಪಿದೆ. ಕಾಗದ ತರುವ ಅಂಚೆಗೂ ಅದೇ ಹಕ್ಕಿಯನ್ನು ಕಟ್ಟಬೇಡಿ. ತಿರುವಾಂಕೂರಿನ ಟಪಾಲನ್ನೂ ‘ಅಂಚಲ್’ ಅನ್ನುತ್ತಿದ್ದರು. ಅಲ್ಲಿಗೂ ನಳನ ಹಂಸ ಹಾರಿಹೋಗಿತ್ತಾ?

ಅನುವಾದಕ, ಬೆಂಗಳೂರು:

ಮೇಡಂಗೆ ನಾಳೆ ಸಂಜೆ ಬೋರ್ಡ್ ಬೇಕು. ಹಂಸ ಬೇರೆ ಕಡೆ ಬಿಡಿ.

ಕನ್ನಡಿಗ, ವೆಲ್ಲಿಂಗ್ಟನ್:

ದೂರದಿಂದ ಒಂದು ಮಾತು. ಇಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ತನಗೆ ಬೇಕಾದ ಸಾಫ್ಟ್‌ವೇರನ್ನು ತಾನೇ ಬರೆಸಿಕೊಂಡು 2000ದ ಜನವರಿಯಲ್ಲಿ ಬಳಸತೊಡಗಿತು. ಆಮೇಲೆ ಯಾರು ಬೇಕಾದರೂ ಪುಕ್ಕಟೆ ಬಳಸಲಿ ಅಂತ ಬಿಟ್ಟುಕೊಟ್ಟರು. ಹೆಸರು ‘ಕೋಹಾ’. ಮಾವೊರಿ ಮಾತಿನಲ್ಲಿ ಕೊಡುಗೆ, ಉಡುಗೊರೆ ಅಂತ ಅರ್ಥ. ಕರ್ನಾಟಕದ ಎಷ್ಟೋ ಕಾಲೇಜು ಲೈಬ್ರರಿಗಳಲ್ಲೂ ಈಗ ಅದೇ ಇದೆ, ಅರ್ಥ ಯಾರೂ ಕೇಳಲ್ಲ. ‘ವಿಕಿ’ಯೂ ಹಾಗೇ, ಹವಾಯಿ ಭಾಷೆಯಲ್ಲಿ ಬೇಗ ಅಂತ. ಸಣ್ಣ ಭಾಷೆಗಳ ಪದ ಜಗತ್ತೆಲ್ಲ ಓಡಾಡ್ತಿದೆ, ನಾವು ಮಾತ್ರ ಗೋಡೆಗೆ ಒಂದು ಓಲೆ ಅಂಟಿಸೋಕೆ ಕೇಶಿರಾಜನ ಸಹಿ ಕೇಳ್ತಿದ್ದೇವೆ.

ಅನುವಾದಕ, ಬೆಂಗಳೂರು:

ಅದನ್ನೇ ನಾನೂ ಹೇಳಿದ್ದು. ಮಾವೊರಿ ಪದ ಬಂದರೆ ಚೆಂದ, ಇಂಗ್ಲಿಷ್ ಪದ ಬಂದರೆ ಮೈಲಿಗೆ. ಬಸ್ಸು, ರೈಲು, ಬೆಂಚು, ಪೆನ್ನು ಎಲ್ಲ ಉಕಾರ ಹಚ್ಚಿಕೊಂಡು ಮನೆಯವೇ ಆದವು. ಟ್ಯಾಗಿಗೆ ಏನು ಕೇಡು?

ಹಾಸನ:

ಕೇಡೇನಿಲ್ಲ ಸರ್. ಓಲೆಗೂ ಏನೂ ಕೇಡಿಲ್ಲ.

ಶಾಲೆ ಲೈಬ್ರರಿ:

ಎಲ್ಲರಿಗೂ ವಂದನೆ. ಇವತ್ತು ಎಂಟನೇ ಕ್ಲಾಸಿನವರನ್ನು ಕೇಳಿದೆ. ‘ಸೂಚಿಪದ’ ಅಂದಾಗ ಯಾರೂ ಉಸಿರೆತ್ತಲಿಲ್ಲ. ‘ಗುರುತು’ ಅಂದಾಗ ಒಬ್ಬ, ‘ಬುಕ್ಕಿನ್ಯಾಗ ಪೆನ್ನಲೆ ಗುರುತ ಹಾಕಿದ್ರ ನೀವ ಬೈತೀರಲ್ರಿ’ ಅಂದ. ಮಾತು ಖರೆ, ಫೈನ್ ಹಾಕೋಳೂ ನಾನೇ. ‘ಓಲೆ’ ಅಂದಾಗ ಹುಡುಗಿಯರೆಲ್ಲ ನಕ್ಕರು. ‘ಮೇಡಂ, ಬುಕ್ಕಿಗೆ ಬೆಂಡೋಲಿ ಏನ್ರಿ?’ ಅಂತ. ಹಸುವಿನ ಕಿವಿಯ ಓಲೆ ಅಂದ ಕೂಡಲೇ ಹಿಂದಿನ ಬೆಂಚಿನ ಹುಡುಗರು ತಾವೇ ಬಿಡಿಸಿ ಹೇಳಿದರು, ನಂಬರು ಹೊಡೆದರೆ ಹಸುವಿನ ಹಿಸ್ಟರಿ ಎಲ್ಲ ಬರುತ್ತದಂತೆ. ನಾನು ಎರಡು ತಿಂಗಳಿಂದ ಟ್ಯಾಗ್ ಅಂದರೇನು ಅಂತ ಹೇಳಿ ಸೋತಿದ್ದೆ, ಅವರು ಎರಡು ನಿಮಿಷದಲ್ಲಿ ಮುಗಿಸಿದರು. ‘ಓದಿದ ಪುಸ್ತಕಕ್ಕೆ ಓಲೆ ಹಾಕಿ’ ಅಂತಲೇ ಬರೆಸುತ್ತೇನೆ. ಬ್ಲಾಗಿನ ಒಳಗೆ ಲೇಬಲ್ ಅಂತ ಇರೋದು ಇದ್ದೇ ಇರುತ್ತೆ, ಅದನ್ನು ಬದಲಿಸೋಕೆ ನನಗೆ ಬರಲ್ಲ.

ಮೈಸೂರು:

ಸಂತೋಷ. ಬೋರ್ಡಿನ ಫೋಟೊ ಹಾಕಿ.

ಶಾಲೆ ಲೈಬ್ರರಿ:

ಫೋಟೊ ಈಗ ಬೇಡ ಸರ್. ಪೇಂಟರ್ ಬಂದಾಗ ನಾನು ಮೀಟಿಂಗಿನಲ್ಲಿದ್ದೆ, ವಾಪಸ್ ಬಂದು ನೋಡಿದರೆ ‘ಓದಿದ ಪುಸ್ತಕಕ್ಕೆ ಒಲೆ ಹಾಕಿ’ ಅಂತ ಬರೆದು ಹೋಗಿದ್ದಾನೆ. ಓದಿದ್ದಕ್ಕೆ ಸರಿಯಾಗಿ ದೀರ್ಘ ಎಳೆದಿದ್ದಾನೆ, ಓಲೆಗೆ ಮರೆತಿದ್ದಾನೆ. ಹೆಡ್ ಮಾಸ್ತರರು ನೋಡಿ, ಇದೇನು ಲೈಬ್ರರಿ ಸುಡೋ ಪ್ಲಾನೇನ್ರಿ ಅಂದರು. ಮೇಲಿನ ಕೊಂಕು ಎಳೆಯೋಕೆ ನಾಳೆ ಬೆಳಿಗ್ಗೆ ಬರ್ತೀನಿ ಅಂದಿದ್ದಾನೆ. ಹೇಗೂ ಬರುತ್ತಾನಲ್ಲ, ಕ್ಯೂಆರ್ ಕೋಡಿನ ಕೆಳಗೂ ಒಂದು ಸಾಲು ಬರೆಸಿಬಿಡೋಣ ಅಂತಿದ್ದೇನೆ. ‘ಸ್ಕ್ಯಾನ್ ಮಾಡಿ’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬಹುದು?

ಅನುವಾದಕ, ಬೆಂಗಳೂರು:

ಸ್ಕ್ಯಾನ್ ಮಾಡಿ.