ಮೊದಲ ಸ್ಪ್ರಿಂಟ್ ಟ್ರಯಾಥ್ಲಾನ್, ಈಜೋದೇ ಭಯ. ಮಾಡಿರೋರು ಯಾರಾದ್ರೂ ಇದೀರಾ?

ಕೈಮರ_ಪೆಡಲ್

ಎಲ್ರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು, ವಯಸ್ಸು 39, ಊರಲ್ಲೇ ಆಫೀಸ್ ಕೆಲ್ಸ, ಆಲ್ದೂರು ಕಡೆ ಅಪ್ಪನ ಕಾಲದ ಸಣ್ಣ ಕಾಫಿ ತೋಟ ಇದೆ. ಮೂರು ವರ್ಷದಿಂದ ಭಾನುವಾರ ಭಾನುವಾರ ಸೈಕಲ್ ತುಳೀತೀನಿ, ಕೈಮರ ಚೆಕ್‌ಪೋಸ್ಟ್ ತನಕ ಹೋಗಿ ಒಂದು ಟೀ ಹಾಕ್ಕೊಂಡು ವಾಪಸ್, ಮೈಯಲ್ಲಿ ಕಸುವಿದ್ರೆ ಇನ್ನೊಂದಿಷ್ಟು ಮೇಲಕ್ಕೆ. ಓಟ ಅಂದ್ರೆ ಸುಭಾಷ್ ಚಂದ್ರ ಬೋಸ್ ಆಟದ ಮೈದಾನದಲ್ಲಿ ನಾಲ್ಕೈದು ರೌಂಡು, ಅಷ್ಟೇ.

ಹೋದ ವಾರ ಫ್ರೆಂಡ್ ಒಬ್ಬ ತಲೆ ಕೆಡಿಸಿ ಮೈಸೂರು ಕಡೆ ನಡೆಯೋ ಒಂದು ಸ್ಪ್ರಿಂಟ್ ಟ್ರಯಾಥ್ಲಾನ್‌ಗೆ ದುಡ್ಡು ಕಟ್ಟಿಸ್ಬಿಟ್ಟ. 750 ಮೀಟರ್ ಈಜು, 20 ಕಿಮೀ ಸೈಕಲ್, 5 ಕಿಮೀ ಓಟ. ಈಜು ಪೂಲಲ್ಲಿ ಅಲ್ಲ, ಕೆರೇಲಿ. ಇನ್ನು ಹತ್ತು ವಾರ ಇದೆ. ಈಜು ಬರಲ್ಲ ಅಂತಲ್ಲ, ಚಿಕ್ಕೋನಿದ್ದಾಗ ತೋಟದ ಕೆರೇಲಿ ಬಿದ್ದು ಎದ್ದು ಕಲ್ತಿದ್ದು, ತಲೆ ಮೇಲಿಟ್ಕೊಂಡು ಕೈ ಬಡಿಯೋ ಈಜು, ಮುಖ ನೀರಲ್ಲಿ ಮುಳುಗ್ಸಿದ್ರೆ ಉಸಿರು ಕಟ್ಟುತ್ತೆ. ಆ ಕೆರೇಲೇ ಪ್ರಾಕ್ಟೀಸ್ ಮಾಡಣ ಅಂದ್ರೆ ಫೆಬ್ರವರಿ ಬಂದ್ರೆ ಸ್ಪ್ರಿಂಕ್ಲರ್ ಶುರು, ಕಾಫಿ ಹೂ ಬಿಡ್ಲಿ ಅಂತ ನೀರು ಕೊಟ್ಟು ಮುಗಿಸೋ ಹೊತ್ತಿಗೆ ಕೆರೇಲಿ ಎಮ್ಮೆ ಮುಳುಗೋಷ್ಟೂ ನೀರಿರಲ್ಲ. ಸೈಕಲ್ ನಂದು ಎಂಟಿಬಿ, ಅಂದ್ರೆ ಮೌಂಟನ್ ಬೈಕು, ದಪ್ಪ ಟೈರ್, ಅದ್ರಲ್ಲೇ ಆಗುತ್ತಾ ಇಲ್ಲ ರೋಡ್ ಬೈಕ್ ಬೇಕೇ ಬೇಕಾ? ಇನ್ನೊಂದು, ನೀರಿಂದ ಒದ್ದೆ ಮೈಯಲ್ಲಿ ಎದ್ದು ಬಂದು ಬಟ್ಟೆ ಎಲ್ಲಿ ಬದ್ಲಾಯಿಸ್ತಾರೆ? ನಗ್ಬೇಡಿ, ನಿಜವಾಗ್ಲೂ ಗೊತ್ತಿಲ್ಲ.

ಹೇಮಾವತಿ_ದಡ

ಗುರುಗಳೇ ನಾನು ಹಾಸನ, ವಯಸ್ಸು 44, ಹೊಟ್ಟೆ ಬೇರೆ ಇದೆ. ಹೋದ ವರ್ಷ ಮೊದಲನೇದು ಮುಗಿಸ್ದೆ, ಒಟ್ಟು 1 ಗಂಟೆ 58 ನಿಮಿಷ. ಈಜು 25, ಸೈಕಲ್ 51, ಓಟ 34, ಮಧ್ಯದಲ್ಲಿ ಹೆಲ್ಮೆಟ್ ಶೂ ಅಂತ ತಡಕಾಡಿದ್ದು 8. ಗೆದ್ದೋರು ಆ ಹೊತ್ತಿಗೆ ಇಡ್ಲಿ ತಿಂದು ಕೈ ತೊಳ್ಕೊಂಡಿದ್ರು.

ನಾನೂ ನಿಮ್ ಥರಾನೇ, ಬಾವೀಲಿ ಕಲ್ತೋನು. ಅಜ್ಜಿ ಊರಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಮಾವ ಮೇಲಿಂದ ತಳ್ತಿದ್ರು. ಆ ಈಜು ಬಾವಿಗೆ ಸರಿ, 750 ಮೀಟರ್‌ಗೆ ಆಗಲ್ಲ, ಯಾಕಂದ್ರೆ ತಲೆ ಮೇಲಿದ್ರೆ ಸೊಂಟ ಕೆಳಗಿಳಿಯುತ್ತೆ, ಆಮೇಲೆ ಗುಡ್ಡಕ್ಕೆ ಸೈಕಲ್ ತಳ್ಳಿದಂಗೆ ಮೈಯನ್ನ ತಳ್ಕೊಂಡ್ ಹೋಗ್ಬೇಕು. ಆದ್ರೆ ಪೂರ್ತಿ ವೇಸ್ಟ್ ಅಲ್ಲ ಕಣ್ರೀ. ಕೆರೇಲಿ ಪೂಲಿನ ಥರ ಕೆಳಗೆ ಕಪ್ಪು ಗೆರೆ ಇರಲ್ಲ, ಎಂಟ್ಹತ್ತು ಸಲ ಕೈ ಬೀಸಿದ್ಮೇಲೆ ತಲೆ ಎತ್ತಿ ಬೋಯ್, ಅಂದ್ರೆ ದಾರಿ ಗುರುತಿಗೆ ನೀರಲ್ಲಿ ತೇಲಿಬಿಟ್ಟಿರೋ ಬುರುಡೆ, ಎಲ್ಲಿದೆ ಅಂತ ನೋಡ್ಲೇಬೇಕು, ನೀರುಹಾವು ತಲೆ ಎತ್ತಿ ನೋಡಿ ಮುಳುಗುತ್ತಲ್ಲ ಹಂಗೆ. ಪೂಲಲ್ಲೇ ಕಲ್ತೋರು ಅಲ್ಲಿ ಒದ್ದಾಡ್ತಾರೆ, ನಮಗೆ ಅದು ಮೊದಲಿಂದ ಬಂದ ವಿದ್ಯೆ.

ಈಗ ನನ್ ಕಥೆ. ಹಾರ್ನ್ ಊದಿದ್ರು, ಎಲ್ಲಾ ಒಟ್ಟಿಗೆ ನೀರಿಗೆ ಬಿದ್ರು, ತೇರು ಎಳೆಯೋ ನೂಕಾಟ ನೀರೊಳಗೆ ನಡ್ದಂಗಿತ್ತು. ಯಾರದೋ ಮೊಣಕೈ ನನ್ ಗಾಗಲ್ಸ್‌ಗೆ ಬಡೀತು, ಒಳಗೆ ನೀರು. ಮುಖ ಮುಳುಗ್ಸಿದ್ರೆ ಬರೀ ಹಸಿರು ಮಿಶ್ರಿತ ಕಂದು ಬಣ್ಣ, ನನ್ ಕೈ ನನಗೇ ಕಾಣ್ತಿಲ್ಲ. ನೂರೈವತ್ತು ಮೀಟರ್ ಹೋಗಿರ್ಬಹುದು, ಎದೆ ಡಬಡಬ ಅಂತ ಕಿವೀಲಿ ಕೇಳಿಸ್ತಿದೆ, ಉಸಿರು ಎಳ್ದಷ್ಟೂ ಸಾಲ್ತಿಲ್ಲ, ಹೆಂಡ್ತಿ ಮಕ್ಳು ಎಲ್ಲಾ ಕಣ್ಮುಂದೆ ಬಂದ್ರು, ಸುಮ್ನೆ ಹೇಳ್ತಿಲ್ಲ. ಆಗ ಅಂಗಾತ ಮಲಗ್ಬಿಟ್ಟೆ. ಮೇಲೊಂದು ಗರುಡ ಸುತ್ತಾ ಇತ್ತು, ಅದನ್ನೇ ನೋಡ್ಕೊಂಡು ಕಾಲು ಆಡಿಸ್ಕೊಂಡು ಇದ್ದೆ. ಕಯಾಕಲ್ಲಿ, ಅಂದ್ರೆ ಹುಟ್ಟು ಹಾಕೋ ಸಣ್ಣ ದೋಣೀಲಿ, ಕಾವಲಿಗಿದ್ದ ಹುಡ್ಗ ಪಕ್ಕಕ್ಕೆ ಬಂದು, 'ಸಾರ್ ಹಿಡ್ಕೊಳಿ, ಔಟ್ ಮಾಡಲ್ಲ' ಅಂದ. ನಿಜ, ಕಯಾಕ್ ಹಿಡ್ಕೊಂಡು ಸುಧಾರಿಸ್ಕೋಬಹುದು, ಅದು ನಮ್ಮನ್ನ ಮುಂದಕ್ಕೆ ಎಳೀಬಾರ್ದು ಅಷ್ಟೇ. ಒಂದು ನಿಮಿಷ ಹಿಡ್ಕೊಂಡೆ, ಆಮೇಲೆ ಕಪ್ಪೆ ಈಜು ಶುರು ಮಾಡ್ದೆ. ಯಾವ ಥರ ಈಜಿದ್ರೂ ನಡೆಯುತ್ತೆ, ಫ್ರೀಸ್ಟೈಲೇ ಆಗ್ಬೇಕು ಅಂತೇನಿಲ್ಲ.

ಇದು ಸಾಲ್ದು ಅಂತ ನನಗೆ ಮೈನಸ್ 3 ಕನ್ನಡಕ. ಬೋಯ್ ಕೇಸರಿ ಬಣ್ಣದ್ದು ಅಂತ ಹೇಳಿದ್ರು, ದೂರದಲ್ಲಿ ಕೇಸರಿ ಚುಕ್ಕಿ ಕಾಣ್ತು, ಅದಕ್ಕೇ ಗುರಿ ಇಟ್ಟು ಈಜ್ತಾ ಇದೀನಿ, ಎಷ್ಟು ಈಜಿದ್ರೂ ಅದು ಹತ್ರಾನೇ ಆಗ್ತಿಲ್ಲ. ನೋಡಿದ್ರೆ ಇನ್ನೊಂದು ಕಯಾಕಲ್ಲಿ ಕೂತಿದ್ದ ಲೈಫ್‌ಗಾರ್ಡಿನ ಜಾಕೆಟ್ಟು! ಅವನು ಪಾಪ ನಾನು ಬರ್ತಿದೀನಿ ಅಂತ ಜಾಗ ಬಿಟ್ಟು ಬಿಟ್ಟು ಸರೀತಿದ್ದ.

ದಡಕ್ಕೆ ಬಂದ್ರೆ ಸೈಕಲ್ ಎಲ್ಲಿದೆ ಗೊತ್ತಾಗ್ತಿಲ್ಲ. ಕನ್ನಡಕ ಇರೋದು ಹೆಲ್ಮೆಟ್ ಒಳಗೆ, ಹೆಲ್ಮೆಟ್ ಇರೋದು ಸೈಕಲ್ ಮೇಲೆ, ಸೈಕಲ್ ಹುಡ್ಕೋಕೆ ಕನ್ನಡಕ ಬೇಕು. ಸಾಲು ಸಾಲು ಮೂಸ್ಕೊಂಡು ಹೋದೆ.

ಸೈಕಲ್ ಬಗ್ಗೆ ಒಂದು ಮಾತು, ಇದನ್ನ ಯಾರೂ ನನಗೆ ಹೇಳಿರ್ಲಿಲ್ಲ. ನಾವು ಸಕಲೇಶಪುರ, ಕೈಮರ ಅಂತ ಹತ್ತಿ ಹತ್ತಿ ರೂಢಿ ಇರೋರು, ಹತ್ತೋವಾಗ ಒದ್ದಾಡ್ತೀವಿ, ಇಳಿಯೋವಾಗ ಕಾಲಿಗೆ ರಜೆ. ಸಪಾಟು ರಸ್ತೇಲಿ ರಜೆ ಇಲ್ಲ. 20 ಕಿಮೀ ಪೂರ್ತಿ ಒಂದೇ ಸಮ ತುಳೀತಾನೇ ಇರ್ಬೇಕು, ಎದುರು ಗಾಳಿ ಬೇರೆ. ನೀವು ಕಡೂರು ರಸ್ತೇಲಿ ಸಖರಾಯಪಟ್ಟಣದ ತನಕ ನಿಲ್ಲಿಸ್ದೆ ಹೋಗಿ ನೋಡಿ, ಹೆಚ್ಚು ಕಮ್ಮಿ ಅಷ್ಟೇ ದೂರ, ನಾನು ಹೇಳಿದ್ದು ತೊಡೆಗೆ ಅರ್ಥ ಆಗುತ್ತೆ. ಎಂಟಿಬಿ ಸಾಕು, ನಂದೂ ತಮ್ಮನ ಹಳೇ ಸೈಕಲ್ಲೇ.

ಓಟ ಶುರುವಾದಾಗ ಕಾಲು ನನ್ದಲ್ಲ, ಯಾರದೋ ಬಾಡಿಗೆ ಕಾಲು. ಮುಂದಕ್ಕೆ ಇಟ್ಟಿದೀನಿ ಅನ್ಕೋತೀನಿ, ಅದು ಅಲ್ಲೇ ಇರುತ್ತೆ. ಮುನ್ನೂರು ಮೀಟರ್ ಓಡಿದ್ಮೇಲೆ ರಸ್ತೆ ಪಕ್ಕ ನಿಂತಿದ್ದ ಹುಡುಗ್ರು 'ಅಂಕಲ್ ಗಾಡಿ ಎಲ್ಲಿ?' ಅಂತ ಕೂಗಿದ್ರು. ತಲೆ ಮುಟ್ಕೊಂಡ್ರೆ ಹೆಲ್ಮೆಟ್ ಹಂಗೇ ಇದೆ.

ಮಲ್ನಾಡ್_ಮಿಡತೆ

750 ಮೀಟರ್ ಈಜೋಕೆ ಮೈಸೂರಿಗೆ ಹೋಗಿ ದುಡ್ಡು ಬೇರೆ ಕೊಡ್ಬೇಕಾ ಮಾರಾಯ್ರೆ, ಹಿರೇಕೊಳಲೆ ಕೆರೆಗೆ ಇಳೀರಿ, ಫ್ರೀ, ಗುಡ್ಡದ ವ್ಯೂ ಬೇರೆ 😀

ಬಸವನಹಳ್ಳಿ_ಬಾಯ್

ಚಿಕ್ಕಮಗಳೂರಿಗೆ ಕುಡಿಯೋ ನೀರು ಹೋಗೋ ಕೆರೆ ಕಣೋ ಅದು. ನೀನು ಇಳಿದ್ರೆ ನಾವು ಕಾಫಿಗೆ ಯಾವ್ ನೀರು ಹಾಕೋದು?

ಈಜು_ಅಕ್ಕ

ನಾನೂ ಹಾಸನದವಳೇ, ಸ್ಕೂಲಲ್ಲಿ ಈಜು ಕಾಂಪಿಟಿಶನ್‌ಗೆ ಹೋಗ್ತಿದ್ದೆ, ಮದುವೆ ಮಕ್ಕಳು ಅಂತ ಹದಿನೈದು ವರ್ಷ ಬಿಟ್ಟು ಮತ್ತೆ ಶುರು ಮಾಡಿ ಎರಡು ಸ್ಪ್ರಿಂಟ್ ಮುಗಿಸಿದೀನಿ. ಮೇಲಿನೋರಿಗೆ ಆಗಿದ್ದು ಎಲ್ರಿಗೂ ಆಗುತ್ತೆ, ಹೆಚ್ಚಾಗಿ ಕಾರಣ ನೀರೊಳಗೆ ಉಸಿರು ಬಿಡದೇ ಇರೋದು. ಉಸಿರು ಸಾಲ್ತಿಲ್ಲ ಅನ್ಸುತ್ತಲ್ಲ, ಅದು ಗಾಳಿ ಕಮ್ಮಿ ಆಗಿ ಅಲ್ಲ, ಒಳಗಿನ ಕಾರ್ಬನ್ ಡೈಆಕ್ಸೈಡ್ ಆಚೆ ಹೋಗ್ದೆ ತುಂಬ್ಕೊಂಡಿರುತ್ತೆ. ತಲೆ ಎತ್ತಿದಾಗ ಬಿಡೋದು ಎಳಿಯೋದು ಎರಡೂ ಒಂದೇ ಕ್ಷಣದಲ್ಲಿ ಮಾಡೋಕೆ ಹೋದ್ರೆ ಎರಡೂ ಅರ್ಧಂಬರ್ಧ. ಮುಖ ನೀರಲ್ಲಿದ್ದಾಗಲೇ ಮೂಗು ಬಾಯಿಂದ ಗುಳುಗುಳು ಅಂತ ಪೂರ್ತಿ ಬಿಟ್ಬಿಡಿ, ಪಕ್ಕಕ್ಕೆ ತಿರುಗಿದಾಗ ಎಳ್ಕೊಳೋದು ಮಾತ್ರ. ಇದನ್ನ ಕಲಿಯೋಕೆ ಕೆರೆ ಬೇಡ, ಪೂಲೂ ಬೇಡ, ಬಚ್ಚಲಲ್ಲಿ ಬಕೆಟ್ ತುಂಬ ನೀರಿಟ್ಕೊಂಡು ದಿನಾ ಹತ್ತು ನಿಮಿಷ ಮುಖ ಅದ್ದಿ ಮಾಡಿ. ನಮ್ ಮನೆಯವ್ರು ಮೊದಲನೇ ದಿನ ನೋಡಿ ಗಾಬರಿ ಆಗಿದ್ರು, ಅದು ಬೇರೆ ವಿಷ್ಯ.

ಆಮೇಲೆ ದಯವಿಟ್ಟು ತೋಟದ ಕೆರೇಲಿ ಒಬ್ರೇ ಇಳೀಬೇಡಿ. ಅದರಲ್ಲೂ ಪ್ಲಾಸ್ಟಿಕ್ ಶೀಟ್ ಹಾಸಿರೋ ಕೃಷಿ ಹೊಂಡದ ಹತ್ರಾನೂ ಹೋಗ್ಬೇಡಿ, ಪಾಚಿ ಕಟ್ಟಿದ ಶೀಟ್ ಮೇಲೆ ಕಾಲು ನಿಲ್ಲಲ್ಲ, ಎಂಥಾ ಈಜುಗಾರ ಆದ್ರೂ ಹತ್ತಿ ಬರೋಕಾಗಲ್ಲ. ಹೊಂಡ ಇದ್ದೋರು ಒಂದು ಹಗ್ಗ ಗಂಟು ಹಾಕಿ ಒಳಕ್ಕೆ ಇಳಿಬಿಟ್ಟಿರಿ, ಟ್ರಯಾಥ್ಲಾನ್ ಇರ್ಲಿ ಇಲ್ದೆ ಇರ್ಲಿ. ಓಪನ್ ವಾಟರ್, ಅಂದ್ರೆ ಪೂಲ್ ಬಿಟ್ಟು ಹೊರಗಿನ ನೀರಲ್ಲಿ ಈಜೋ ಅಭ್ಯಾಸ ಬೇಕೇ ಬೇಕು ಅಂದ್ರೆ ಬೇಲೂರಿನ ಯಗಚಿ ಡ್ಯಾಮಲ್ಲಿ ಕಯಾಕಿಂಗ್ ಎಲ್ಲ ನಡೆಯುತ್ತಲ್ಲ, ಅಲ್ಲಿ ಹೋಗಿ ಕೇಳಿ ನೋಡಿ, ಒಪ್ಪಿದ್ರೆ ಮಾತ್ರ, ಪಕ್ಕದಲ್ಲಿ ಅವರ ಜನ ಇದ್ರೆ ಮಾತ್ರ.

ಬಟ್ಟೆ ಬದಲಾಯಿಸೋ ಪ್ರಶ್ನೆಗೆ ನಗೋದೇನಿಲ್ಲ, ನಾನೂ ಅದೇ ಕೇಳಿದ್ದೆ. ಬದಲಾಯಿಸೋದೇ ಇಲ್ಲ. ಟ್ರೈ ಸೂಟ್ ಅಂತ ಬರುತ್ತೆ, ಈಜೋದು ತುಳಿಯೋದು ಓಡೋದು ಎಲ್ಲಾ ಅದ್ರಲ್ಲೇ. ಅದಕ್ಕೆ ದುಡ್ಡು ಹಾಕ್ಬೇಡಿ ಮೊದಲನೇ ಸಲಕ್ಕೆ, ಮೈಗೆ ಅಂಟಿರೋ ಸೈಕ್ಲಿಂಗ್ ಶಾರ್ಟ್ಸು, ತೆಳು ಬನಿಯನ್ ಥರದ ಟೀಶರ್ಟ್ ಸಾಕು. ದೊಗಳೆ ಟೀಶರ್ಟ್ ಹಾಕಿದ್ರೆ ನೀರಲ್ಲಿ ಗೋಣಿಚೀಲ ಎಳ್ಕೊಂಡು ಹೋದಂಗೆ. ಕಂಕುಳಿಗೆ, ತೊಡೆ ಸಂದಿಗೆ ಕೊಬ್ಬರಿ ಎಣ್ಣೆನೋ ವ್ಯಾಸಲೀನೋ ಹಚ್ಚಿ, ಇಲ್ಲಾಂದ್ರೆ ಸಂಜೆ ಸ್ನಾನಕ್ಕೆ ಹೋದಾಗ ನನ್ನ ನೆನೆಸ್ಕೋತೀರಾ.

ಕೈಗೆ ಮಾರ್ಕರ್ ಪೆನ್ನಲ್ಲಿ ನಂಬರ್ ಬರೀತಾರೆ, ಮೂರು ದಿನ ಹೋಗಲ್ಲ. ನಮ್ಮತ್ತೆ ನೋಡಿ 'ದನಕ್ಕೆ ಕಿವಿಗೆ ಓಲೆ ಹಾಕ್ದಂಗೆ ನಿಂಗೂ ಹಾಕಿದ್ರಾ' ಅಂದ್ರು.

ಚೈನ್_ಲೂಬ್

ಹೇಮಾವತಿ_ದಡ ಅವ್ರು ಎಂಟಿಬಿ ಸಾಕು ಅಂದಿದ್ದು ಅರ್ಧ ಒಪ್ತೀನಿ. ಸೈಕಲ್ ಅದೇ ಇರ್ಲಿ, ಆದ್ರೆ ಗುಬಟು ಗುಬಟು ಟೈರ್ ತೆಗೆದು ನುಣ್ಣನೆ ತೆಳು ಟೈರ್ ಹಾಕ್ಸಿ, ಗಾಳಿ ಗಟ್ಟಿಯಾಗಿ ಹೊಡ್ಸಿ, ಮುಂದಿನ ಸಸ್ಪೆನ್ಶನ್ ಲಾಕ್ ಇದ್ರೆ ಲಾಕ್ ಮಾಡಿ. ಲಕ್ಷ ರೂಪಾಯಿ ಸೈಕಲ್ ತಂದು ಪಂಕ್ಚರ್ ಹಾಕೋಕೆ ಬರದೇ ರಸ್ತೆ ಪಕ್ಕ ಕೂತೋರನ್ನ ನೋಡಿದೀನಿ.

ರೂಲ್ಸ್ ವಿಷ್ಯ. ಸ್ಟ್ಯಾಂಡಿಂದ ಸೈಕಲ್ ತೆಗೆಯೋ ಮುಂಚೆ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿರ್ಬೇಕು, ವಾಪಸ್ ಬಂದು ಸೈಕಲ್ ನಿಲ್ಲಿಸಿದ ಮೇಲೇನೇ ಬಿಚ್ಬೇಕು. ಸೈಕಲ್ ನಿಲ್ಲಿಸೋ ಜಾಗದ ಒಳಗಡೆ ಸೈಕಲ್ ಹತ್ತಂಗಿಲ್ಲ, ತಳ್ಕೊಂಡು ಬಂದು ನೆಲದ ಮೇಲೆ ಎಳ್ದಿರೋ ಗೆರೆ ದಾಟಿದ್ಮೇಲೆ ಹತ್ತೋದು. ಮುಂದಿನೋನ ಹಿಂದೆ ಅಂಟ್ಕೊಂಡು ಗಾಳಿ ಮರೆಯಲ್ಲಿ ತುಳಿಯೋದು ನಮ್ಮಂಥ ಹವ್ಯಾಸಿಗಳ ರೇಸಲ್ಲಿ ಸಾಮಾನ್ಯವಾಗಿ ನಿಷೇಧ, ಒಲಿಂಪಿಕ್ಸಲ್ಲಿ ಗುಂಪಾಗಿ ಹೋಗೋದು ನೋಡಿರ್ತೀರಾ, ಅದು ಬೇರೆ ಲೆಕ್ಕ. ಸೈಕಲ್ ಗುರ್ತಿಗೆ ಅಂತ ಕೆಂಪು ಟವೆಲ್ ಗಿವೆಲ್ ಕಟ್ಟಿದ್ರೆ ಕಿತ್ತಾಕ್ತಾರೆ. ಬೆಳಿಗ್ಗೆನೇ ನೀರಿಂದ ಬರೋ ದಾರೀಲಿ ಎರಡು ಸಲ ನಡ್ಕೊಂಡು ಬಂದು ಎಷ್ಟನೇ ಸಾಲು, ಎಷ್ಟನೇ ಸೈಕಲ್ ಅಂತ ಎಣಿಸಿಟ್ಕೊಳಿ, ಕಣ್ ಕಾಣ್ದೆ ಇದ್ರೂ ಎಣಿಕೆ ಇರುತ್ತೆ.

ಆ ಬಾಡಿಗೆ ಕಾಲಿಗೆ ಔಷಧಿ ಒಂದೇ, ಸೈಕಲ್ಲಿಂದ ಇಳಿದ ತಕ್ಷಣ ಓಡೋ ಅಭ್ಯಾಸ. ಬ್ರಿಕ್ ಅಂತಾರೆ ಅದಕ್ಕೆ, ಹೆಸ್ರು ಸರಿಯಾಗೇ ಇಟ್ಟಿದಾರೆ, ಎರಡು ಕಾಲಿಗೂ ಇಟ್ಟಿಗೆ ಕಟ್ಟಿದಂಗಿರುತ್ತೆ. ವಾರಕ್ಕೊಂದು ಸಲ ಸಾಕು, ಓಟ ಒಂದೂವರೆ ಎರಡು ಕಿಮೀ ಇದ್ರೆ ಸಾಕು. ರೇಸಲ್ಲಿ ಸೈಕಲ್ಲಿನ ಕೊನೇ ಒಂದು ಕಿಮೀ ಹಗುರ ಗೇರ್ ಹಾಕ್ಕೊಂಡು ಕಾಲು ಬೇಗ ಬೇಗ ತಿರುಗಿಸಿ.

ಹಿಂದಿನ ರಾತ್ರಿ ಬಾಡೂಟ ಬೇಡ. ಬೆಳಿಗ್ಗೆ ಏಲಕ್ಕಿ ಬಾಳೆಹಣ್ಣು ಎರಡು, ಎರಡು ಇಡ್ಲಿ, ರೇಸಿಗೆ ಎರಡು ಗಂಟೆ ಮುಂಚೆ.

ಕೈಮರ_ಪೆಡಲ್

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. ಬಕೆಟ್ ಪ್ರಯೋಗ ಐದು ದಿನದಿಂದ ನಡೀತಿದೆ ಅಕ್ಕ, ಮೊದಲ ದಿನ ಎಂಟು ಎಣಿಸೋಷ್ಟರಲ್ಲಿ ಎದ್ದಿದ್ದೆ, ಈಗ ಗುಳುಗುಳು ಮಾಡ್ಕೊಂಡು ಇಪ್ಪತ್ತರ ತನಕ ಹೋಗುತ್ತೆ. ಮಗಳು ಪಕ್ಕ ನಿಂತು ಎಣಿಸ್ತಾಳೆ, ಮೋಸ ಮಾಡಿ ನಿಧಾನ ಎಣಿಸ್ತಾಳೆ ಅಂತ ಡೌಟು. ಭಾನುವಾರ ಸಖರಾಯಪಟ್ಟಣಕ್ಕೂ ಹೋಗ್ಬಂದೆ, ಹೋಗೋವಾಗ ಆರಾಮಾಗಿತ್ತು, ವಾಪಸ್ ಬರೋವಾಗ ಹೇಮಾವತಿಯವ್ರಿಗೆ ಶಾಪ ಹಾಕ್ಕೊಂಡು ಬಂದೆ. ಇಳಿದು ಮನೆ ಗೇಟಿಂದ ಬಸ್‌ಸ್ಟಾಪ್ ತನಕ ಓಡ್ದೆ, ಪಕ್ಕದ್ಮನೆ ಆಂಟಿ 'ಏನಾಯ್ತು, ಯಾರಿಗಾದ್ರೂ ಹುಷಾರಿಲ್ವಾ?' ಅಂತ ಆಚೆ ಬಂದ್ರು.

ಕೊನೇ ಪ್ರಶ್ನೆ, ಹೇಳೋಕೆ ಮರೆತಿದ್ದೆ, ನನಗೂ ಕನ್ನಡಕ ಇದೆ. ಮೈನಸ್ ಎರಡೂಮುಕ್ಕಾಲು. ಏನ್ ಮಾಡೋದು?

ಹೇಮಾವತಿ_ದಡ

ಪವರ್ ಇರೋ ಈಜು ಗಾಗಲ್ಸ್ ರೆಡಿಮೇಡ್ ಸಿಗುತ್ತೆ, ಆನ್‌ಲೈನಲ್ಲಿ. ನಿಮ್ ನಂಬರ್ರೇ ಸಿಗ್ಬೇಕಂತಿಲ್ಲ, ಹತ್ರದ್ದು ಸಾಕು, ಬೋಯ್ ಯಾವ್ದು ಮನುಷ್ಯ ಯಾರು ಅಂತ ಗೊತ್ತಾದ್ರೆ ಆಯ್ತು. ನನ್ ಹತ್ರ ಮೈನಸ್ 3ರದ್ದು ಎರಡು ಜೊತೆ ಇದೆ, ಒಂದು ಎರಡೇ ಸಲ ಹಾಕಿರೋದು. ಮುಂದಿನ ಶನಿವಾರ ಕೆಲ್ಸದ ಮೇಲೆ ಬೇಲೂರಿಗೆ ಬರ್ತೀನಿ, ಬಸ್‌ಸ್ಟ್ಯಾಂಡ್ ಹತ್ರ ಬನ್ನಿ ಕೊಡ್ತೀನಿ. ಕಾಫಿ ನಿಮ್ದು. ಗುರುತಿಗೆ ಕೇಸರಿ ಜಾಕೆಟ್ ಹಾಕ್ಕೊಂಡು ಬರ್ತೀನಿ.